ಹವಳ ಮಾರುವವರು ಬೆಳಕಿನ ಲೆಕ್ಕವನ್ನೂ ಕೊಡಲಿ

ಅಂಗಡಿಯ ನೀಲಿ ದೀಪದಡಿ ಹಸಿರು, ಗುಲಾಬಿ ಬಣ್ಣದಲ್ಲಿ ಝಗಝಗಿಸುತ್ತಿದ್ದ ಹವಳ ಮನೆಯ ತೊಟ್ಟಿಗೆ ಬಂದು ಒಂದೆರಡು ವಾರ ಕಳೆಯುವುದರೊಳಗೆ ಬೆಳ್ಳಗಾಗುತ್ತದೆ. ಸಾಕುವವರು ಮೊದಲು ಅನುಮಾನಿಸುವುದು ನೀರನ್ನು. ಉಪ್ಪಿನಂಶ, ಕ್ಯಾಲ್ಸಿಯಂ, ಕ್ಷಾರೀಯತೆ, ನೈಟ್ರೇಟ್ ಎಲ್ಲವನ್ನೂ ಪರೀಕ್ಷಿಸಿ ನೋಡುತ್ತಾರೆ. ಎಲ್ಲವೂ ಸರಿಯಾಗಿಯೇ ಇರುತ್ತದೆ. ನೆತ್ತಿಯ ಮೇಲೆ ಉರಿಯುತ್ತಿರುವ ದೀಪದ ಕಡೆಗೆ ಗಮನ ಹೋಗುವುದು ಕೊನೆಗೆ. ಅಮೆರಿಕ, ಯುರೋಪ್‌ಗಳ ಎಷ್ಟೋ ಮನೆಗಳಲ್ಲಿ ಬೇರೂರಿರುವ ರೀಫ್ ಟ್ಯಾಂಕ್ ಹವ್ಯಾಸದಲ್ಲಿ ಇದು ಮತ್ತೆ ಮತ್ತೆ ನಡೆಯುವ ನಷ್ಟ. ಇದನ್ನು ತಪ್ಪಿಸಬಹುದು. ತಪ್ಪಿಸುವ ಹೊಣೆ ಕೊಳ್ಳುವವರಷ್ಟೇ ಮಾರುವವರ ಮೇಲೂ ಇದೆ. ಯಾವ ಬೆಳಕಿನಲ್ಲಿ ಬೆಳೆದಿತ್ತು ಎಂಬ ಅಂಕಿ ಇಲ್ಲದೆ ಹವಳದ ಒಂದು ತುಂಡೂ ಮಾರಾಟವಾಗಬಾರದು.

ಹವಳ ಗಿಡವಲ್ಲ, ಕಲ್ಲೂ ಅಲ್ಲ, ಪ್ರಾಣಿ. ಆದರೆ ಅದರ ಊಟದ ಬಹುಪಾಲು ಬರುವುದು ಅದರ ಜೀವಕೋಶಗಳೊಳಗೇ ಮನೆ ಮಾಡಿಕೊಂಡಿರುವ ಸೂಕ್ಷ್ಮ ಪಾಚಿಗಳಿಂದ. ಪಾಚಿ ಬೆಳಕು ಹೀರಿ ಸಕ್ಕರೆ ತಯಾರಿಸುತ್ತದೆ, ಹವಳ ಅದಕ್ಕೆ ನೆಲೆಯನ್ನೂ ಪೋಷಕಾಂಶವನ್ನೂ ಒದಗಿಸುತ್ತದೆ. ಉಷ್ಣವಲಯದ ಹಲವು ಹವಳಗಳಿಗೆ ಬೇಕಾದ ಶಕ್ತಿಯಲ್ಲಿ ಶೇ 90ರವರೆಗೂ ಹೀಗೆಯೇ ಸಿಗುತ್ತದೆ. ಬೆಳಕು ಕಡಿಮೆ ಇದ್ದಲ್ಲಿ ಬೆಳೆದ ಹವಳ ಸಿಕ್ಕಷ್ಟನ್ನೂ ಹಿಡಿಯಲೆಂದು ಹೆಚ್ಚು ವರ್ಣದ್ರವ್ಯ ತುಂಬಿಕೊಂಡು ಕಂದಾಗಿರುತ್ತದೆ. ಅದನ್ನು ಏಕಾಏಕಿ ಪ್ರಖರ ದೀಪದಡಿ ಇಟ್ಟರೆ ಪಾಚಿಗಳು ಬಳಸಲಾಗದಷ್ಟು ಬೆಳಕನ್ನು ಹೀರಿಕೊಳ್ಳುತ್ತವೆ. ದ್ಯುತಿಸಂಶ್ಲೇಷಣೆಯ ಯಂತ್ರಾಂಗ ದುರಸ್ತಿಯಾಗುವುದಕ್ಕಿಂತ ಬೇಗ ಕೆಡುತ್ತದೆ. ಹಾನಿಕಾರಕ ಆಮ್ಲಜನಕದ ಕಣಗಳು ಅಂಗಾಂಶದಲ್ಲಿ ಶೇಖರವಾಗುತ್ತವೆ. ಹವಳ ಪಾಚಿಯನ್ನು ಹೊರಹಾಕುತ್ತದೆ. ಅಲ್ಲಿಗೆ ಬಣ್ಣವೂ ಹೋಯಿತು, ಊಟವೂ ಹೋಯಿತು.

ಈ ಏಟು ಎಲ್ಲಿಂದ ಶುರುವಾಯಿತೆಂಬುದನ್ನು ಹತ್ತಿರದಿಂದ ನೋಡಿದರೆ ಹವಳದ ಮೈಯೇ ಹೇಳುತ್ತದೆ. ದೀಪಕ್ಕೆ ಎದುರಾದ ಮೇಲ್ಮೈ ಮೊದಲು ಪೇಲವವಾಗುತ್ತದೆ. ನೆರಳಿನಲ್ಲಿರುವ ಬುಡ, ಕೊಂಬೆಯ ಕೆಳಬದಿ ಇನ್ನೂ ಕಂದಾಗಿಯೇ ಉಳಿದಿರುತ್ತವೆ. ಹವಳದ ಪುಟ್ಟ ಜೀವಘಟಕಗಳಾದ ಪಾಲಿಪ್‌ಗಳು ಹೊರಗೆ ಚಾಚುವುದೇ ಇಲ್ಲ. ಬೆಳಕು ಸಾಲದಾದಾಗ ಲಕ್ಷಣ ಬೇರೆ: ಹವಳದ ಬಂಧುಗಳಾದ ಝೋವಾಂಥಿಡ್‌ಗಳು ಕತ್ತು ಉದ್ದ ಮಾಡಿಕೊಂಡು ಮೇಲಕ್ಕೆ ಎಳೆಯುತ್ತವೆ, ಬಣ್ಣದ ಹವಳಗಳು ದಿನದಿಂದ ದಿನಕ್ಕೆ ಕಂದು ತಿರುಗುತ್ತವೆ. ಕಂದು ತಿರುಗಿದ್ದು ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ಬಿಳಿಚಿಕೊಂಡದ್ದಕ್ಕೆ ಸಿಗುವ ಸಮಯ ತೀರಾ ಕಡಿಮೆ. ಅನುಮಾನವಿದ್ದಾಗ ಮಂದ ಬೆಳಕಿನಿಂದಲೇ ಶುರು ಮಾಡಬೇಕು ಎನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ಹವಳಕ್ಕೆ ಹಿಂದಿನ ಬೆಳಕಿನ ಅನುಭವ ಎಷ್ಟು ಮುಖ್ಯ ಎಂಬುದಕ್ಕೆ ಥಾಯ್ಲೆಂಡಿನ ಫುಕೆಟ್‌ನಲ್ಲಿ ಅಪರೂಪದ ಪುರಾವೆ ಸಿಕ್ಕಿದೆ. ಬ್ರಿಟನ್ನಿನ ವಿಜ್ಞಾನಿ ಬಾರ್ಬರಾ ಬ್ರೌನ್ ಮತ್ತು ಸಂಗಡಿಗರು ಅಲ್ಲಿನ ತೀರದ ಗೋನಿಯಾಸ್ಟ್ರಿಯ ಎಂಬ ಗುಂಡು ಹವಳಗಳನ್ನು ವರ್ಷಗಟ್ಟಲೆ ಗಮನಿಸಿದರು. 1995ರಲ್ಲಿ ಸಮುದ್ರ ಬಿಸಿಯೇರಿದಾಗ ಒಂದೇ ಹವಳದ ಪೂರ್ವದ ಮೈ ಬಿಳಿಚಿತು, ಪಶ್ಚಿಮದ ಮೈ ತಡೆದುಕೊಂಡಿತು. ಪಶ್ಚಿಮದ ಬದಿಗೆ ಅದಕ್ಕೂ ಮುಂಚೆ ಹೆಚ್ಚು ಬಿಸಿಲು ಬಿದ್ದಿತ್ತು, ಅದು ಅದಕ್ಕೆ ಒಗ್ಗಿಕೊಂಡಿತ್ತು. 2000ದಲ್ಲಿ ಕೆಲವು ಹವಳಗಳನ್ನು ಅರ್ಧಸುತ್ತು ತಿರುಗಿಸಿ ಇಡಲಾಯಿತು. 2010ರಲ್ಲಿ ಮತ್ತೆ ಬಿಸಿ ಏರಿದಾಗ, ಹತ್ತು ವರ್ಷ ಮಂದ ಬೆಳಕಿನ ಕಡೆಗೆ ಮುಖ ಮಾಡಿಕೊಂಡಿದ್ದರೂ ಹಿಂದೆ ಪಶ್ಚಿಮಕ್ಕಿದ್ದ ಆ ಬದಿ ತಾಳಿಕೆಯನ್ನು ಉಳಿಸಿಕೊಂಡಿತ್ತು. ಒಂದೇ ಜೀವದ ಎರಡು ಬದಿಗಳ ನಡುವೆಯೇ ಇಷ್ಟು ಅಂತರವಿರುವಾಗ, ಎರಡು ಬೇರೆ ಬೇರೆ ತೊಟ್ಟಿಗಳ ನಡುವೆ ಎಷ್ಟಿರಬೇಡ! ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ತರ್ಕ ಹೊಸದಲ್ಲ. ಪಡುವಣ ಬಿಸಿಲು ಬೀಳುವ ಬದಿಗೆ ಸೋಗೆ ಕಟ್ಟಿಯೋ ಸುಣ್ಣ ಬಳಿದೋ ಅವರು ಎಳೆಯ ಮರದ ಕಾಂಡವನ್ನು ಕಾಯುತ್ತಾರೆ.

ಮನೆಯ ತೊಟ್ಟಿಯಲ್ಲಿ ಎಡವಟ್ಟಾಗಲು ಇನ್ನೊಂದು ಕಾರಣ ಮನುಷ್ಯರ ಕಣ್ಣು. ನಮ್ಮ ಕಣ್ಣು ಹಸಿರು ಬೆಳಕಿಗೆ ಚುರುಕು, ಕಡುನೀಲಿಗೆ ಮಂದ. ಈಗಿನ ರೀಫ್ ಎಲ್‌ಇಡಿಗಳು ಸುರಿಸುವುದು ಹೆಚ್ಚಾಗಿ ನೀಲಿಯನ್ನೇ, ಹವಳದ ಪಾಚಿ ಚೆನ್ನಾಗಿ ಹೀರುವುದೂ ಅದನ್ನೇ. ಕೋಣೆಗೆ ಮಂಕಾಗಿ ಕಾಣುವ ತೊಟ್ಟಿಯಲ್ಲಿ ಹವಳ ಬೇಯುತ್ತಿರಬಹುದು. ಮನುಷ್ಯನ ಕಣ್ಣಿಗೆ ಹೊಂದಿಸಿ ಮಾಡಿದ ಲಕ್ಸ್ ಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಬೇಕಾದದ್ದು ಪಾರ್ ಮೀಟರ್: 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳನ್ನು ಎಣಿಸಿ, ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂದು ತೋರಿಸುವ ಉಪಕರಣ. ಉಷ್ಣವಲಯದ ನಡುಹಗಲಿನ ನೆತ್ತಿ ಬಿಸಿಲು ಸುಮಾರು 2000. ಸಾಕುವವರ ರೂಢಿಯ ಅಂದಾಜಿನಲ್ಲಿ ಮಶ್ರೂಮ್ ಹವಳಗಳಿಗೆ 50ರಿಂದ 100 ಸಾಕು, ಅಕ್ರೊಪೋರದಂಥ ಕೊಂಬೆ ಹವಳಗಳಿಗೆ 200ರಿಂದ 400 ಬೇಕು. ಆದರೆ 120ರಲ್ಲಿ ಬೆಳೆದ ಅಕ್ರೊಪೋರವನ್ನು ತಂದ ದಿನವೇ 350ರಲ್ಲಿ ಇಟ್ಟರೆ ಜಾತಿಯ ಪಟ್ಟಿ ಅದನ್ನು ಉಳಿಸುವುದಿಲ್ಲ.

ಒಗ್ಗಿಸುವ ಕೆಲಸಕ್ಕೆ ಮೂರು ದಾರಿಗಳಿವೆ. ತೊಟ್ಟಿಯೇ ಹೊಸದಾಗಿದ್ದರೆ ದೀಪವನ್ನು ತಗ್ಗಿಸಿ, ಮೂರು ನಾಲ್ಕು ವಾರಗಳಲ್ಲಿ ಮೆಲ್ಲಗೆ ಏರಿಸುವುದು ಸುಲಭ. ಹಲವು ಎಲ್‌ಇಡಿಗಳಲ್ಲಿ ಇದಕ್ಕೆಂದೇ ಸ್ವಯಂಚಾಲಿತ ವ್ಯವಸ್ಥೆಯಿದೆ. ಹಳೆಯ ಹವಳಗಳು ತುಂಬಿರುವ ತೊಟ್ಟಿಯಲ್ಲಿ ಇದು ನಡೆಯದು, ಒಬ್ಬ ಹೊಸಬನಿಗಾಗಿ ಎಲ್ಲರನ್ನೂ ಕತ್ತಲಲ್ಲಿ ಕೂರಿಸಿದಂತಾಗುತ್ತದೆ. ಅಲ್ಲಿ ಹೊಸದನ್ನು ಮರಳಿನ ಮೇಲೆ, ಅಂಚಿನಲ್ಲಿಟ್ಟು ಹಂತಹಂತವಾಗಿ ಮೇಲೆ ತರಬೇಕು. ಮೂರನೆಯದು ಬಲೆ: ಹೊಸ ಹವಳದ ಮೇಲಷ್ಟೇ ನೆರಳು ಬೀಳುವಂತೆ ಪ್ಲಾಸ್ಟಿಕ್ ಜಾಲರಿಯನ್ನು ಹಲವು ಪದರ ಹಾಸಿ, ಕೆಲವು ದಿನಕ್ಕೊಂದು ಪದರ ತೆಗೆಯುತ್ತಾ ಹೋಗುವುದು. ಹವಳ ಇದ್ದ ಜಾಗದಲ್ಲೇ ಇರುತ್ತದೆ, ನೀರಿನ ಸೆಳೆತ ಬದಲಾಗುವುದಿಲ್ಲ. ಮೂರರಲ್ಲಿ ಹವಳಕ್ಕೆ ಅತಿ ಕಡಿಮೆ ತೊಂದರೆ ಕೊಡುವುದು ಇದೇ. ದೀಪ ಉರಿಯುವ ಗಂಟೆಗಳನ್ನು ಮಾತ್ರ ಕಡಿತಗೊಳಿಸಿ ಸುಮ್ಮನಾಗುವವರೂ ಇದ್ದಾರೆ. ಗಂಟೆ ಇಳಿದರೂ ನಡುಹಗಲಿನ ಪ್ರಖರತೆ ಇದ್ದಷ್ಟೇ ಇರುತ್ತದೆ ಎಂಬುದನ್ನು ಅವರು ಮರೆಯಬಾರದು.

ಗಟ್ಟಿ ಹವಳ ಎಲ್ಲವನ್ನೂ ತಾಳುತ್ತದೆ, ಸಮುದ್ರದಲ್ಲಿ ಇಳಿತದ ಹೊತ್ತಿಗೆ ನೆತ್ತಿ ಬಿಸಿಲನ್ನೇ ಸಹಿಸುತ್ತದಲ್ಲವೇ ಎಂಬ ವಾದ ಪಳಗಿದವರಿಂದ ಬರುತ್ತದೆ. ಸಹಿಸುವುದು ನಿಜ. ಆದರೆ ಆ ಹವಳ ಅಲ್ಲೇ ಹುಟ್ಟಿ ಅಲ್ಲೇ ಬೆಳೆದದ್ದು. ಪ್ಲಾಸ್ಟಿಕ್ ಚೀಲದ ಕತ್ತಲಲ್ಲಿ ಒಂದೆರಡು ದಿನ ಪ್ರಯಾಣ ಮಾಡಿ ಬಂದ ತುಂಡಿನಿಂದ ಅದೇ ತಾಳಿಕೆ ಕೇಳುವುದು ಅನ್ಯಾಯ. ಮೀನಾದರೆ ಬಂಡೆಯ ಮರೆಗೆ ಓಡುತ್ತದೆ. ಅಂಟಿಸಿಟ್ಟ ಹವಳಕ್ಕೆ ಓಡಲು ಕಾಲಿಲ್ಲ, ಹಾಗಾಗಿ ಇಡುವ ಕೈಯ ಜವಾಬ್ದಾರಿ ದೊಡ್ಡದು.

ಭಾರತದಲ್ಲಿ ಇದಕ್ಕೂ ಮೊದಲ ಪ್ರಶ್ನೆ ಕಾನೂನಿನದು. ಬಂಡೆ ಕಟ್ಟುವ ಎಲ್ಲ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಲಾಗಿದೆ. ಮುರ್ಡೇಶ್ವರದ ಬಳಿಯ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ ಒಂದು ಚೂರು ಮುರಿದು ತಂದರೂ ಅಪರಾಧ. ಅದು ಹಾಗೆಯೇ ಇರಬೇಕು. ಬಿಸಿಯೇರುತ್ತಿರುವ ಕಡಲಿನಲ್ಲಿ ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬಿಳಿಚಿದ್ದವು, 2024ರಲ್ಲಿ ಮತ್ತೆ ಬಿಳಿಚಿದವು.

ದೇಶ ದಾಟುವ ಗಟ್ಟಿ ಹವಳಗಳಿಗೆ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪರವಾನಗಿ ಬೇಕು. ಯಾವ ಜಾತಿ, ಯಾವ ದೇಶ, ಕಡಲಿನದೋ ಸಾಕಿದ್ದೋ ಎಂದು ಆ ಕಾಗದ ಹೇಳುತ್ತದೆ. ಅದರ ಮುಂದಿನ ಸಾಲಾಗಿ ಅಂಗಡಿಯ ಚೀಟಿಯಲ್ಲಿ ಪಾರ್ ಅಂಕಿ, ದಿನಕ್ಕೆ ದೀಪ ಉರಿದ ಗಂಟೆಗಳು, ಆ ತೊಟ್ಟಿಯಲ್ಲಿ ಹವಳ ಕಳೆದ ವಾರಗಳು ಇರಲಿ. ಮೀಟರ್ ದುಬಾರಿ ಎಂಬ ನೆಪ ಮನೆಯವರಿಗೆ ಒಪ್ಪಬಹುದು, ನೂರಾರು ತುಂಡು ಮಾರುವ ಅಂಗಡಿಗೆ ಒಪ್ಪದು. ಅಮೆರಿಕದ ಹಲವು ಹವ್ಯಾಸಿ ಸಂಘಗಳು ತಮ್ಮ ಪಾರ್ ಮೀಟರನ್ನು ಸದಸ್ಯರಿಗೆ ಸರದಿಯಂತೆ ಎರವಲು ಕೊಡುತ್ತಿವೆ. ಉಳಿದ ಕಡೆಯ ಸಂಘಗಳೂ ಅದನ್ನು ಅನುಸರಿಸಲಿ. ಮೂರು ಅಂಕಿಗಳ ಈ ಚೀಟಿ ಕೊಡಲು ಒಪ್ಪದ ಅಂಗಡಿಯಿಂದ ಕೊಳ್ಳುವವರು ಹವಳ ತರದಿರಲಿ.