ಮೂವತ್ತೈದಕ್ಕೇ ಮುಟ್ಟು ನಿಂತವರ ಹೃದಯ

2002ರ ಜುಲೈನಲ್ಲಿ ಅಮೆರಿಕದ ಲಕ್ಷಾಂತರ ಮಹಿಳೆಯರು ವರ್ಷಗಟ್ಟಲೆ ನುಂಗುತ್ತಿದ್ದ ಮಾತ್ರೆಯನ್ನು ಏಕಾಏಕಿ ಬಿಟ್ಟರು. ಋತುಬಂಧದ ಹಾರ್ಮೋನ್ ಮಾತ್ರೆಯಿಂದ ಹೃದ್ರೋಗ ಶೇ 29ರಷ್ಟು, ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚುತ್ತದೆ ಎಂದು ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ಸರ್ಕಾರಿ ಅಧ್ಯಯನ ಪ್ರಕಟಿಸಿತ್ತು. ತಮಾಷೆಯೆಂದರೆ, ಅದುವರೆಗೂ ಅನೇಕ ವೈದ್ಯರು ಅದೇ ಮಾತ್ರೆಯನ್ನು ಹೃದಯಕ್ಕೆ ಒಳ್ಳೆಯದೆಂದೇ ಬರೆದುಕೊಡುತ್ತಿದ್ದರು.

ಶೇ 29 ಎಂದರೆ ಎಷ್ಟು ಜನ? ಔಷಧವಿಲ್ಲದ ಹುಸಿ ಮಾತ್ರೆ ನುಂಗಿದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತ್ತು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಇದ್ದ ಮಾತ್ರೆ ನುಂಗಿದ ಅಷ್ಟೇ ಮಹಿಳೆಯರಲ್ಲಿ 37 ಮಂದಿಗೆ. ಹೆಚ್ಚಾದದ್ದು ಏಳು. ಏಳು ಮಂದಿ ಕಡೆಗಣಿಸುವ ಲೆಕ್ಕವೇನಲ್ಲ, ಆದರೆ ತಲೆಬರಹದಲ್ಲಿ ಮೆರೆದದ್ದು 29. ಅಧ್ಯಯನಕ್ಕೆ ಸೇರಿದ್ದ 16,608 ಮಹಿಳೆಯರ ಸರಾಸರಿ ವಯಸ್ಸು 63 ಎಂಬುದಂತೂ ಹೆಚ್ಚಿನವರ ಕಣ್ಣಿಗೇ ಬೀಳಲಿಲ್ಲ. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಕಳೆದವರಿಗೆ ಹೊಸದಾಗಿ ಹಾರ್ಮೋನ್ ಕೊಟ್ಟು ಬಂದ ಫಲಿತಾಂಶವನ್ನು, ಐವತ್ತರ ಆಸುಪಾಸಿನಲ್ಲಿ ಮೈ ಧಗ್ಗನೆ ಬಿಸಿಯೇರಿ ರಾತ್ರಿಯೆಲ್ಲ ಬೆವರಿ ಎದ್ದು ಕೂರುವವಳ ಮೇಲೂ ಹೊರಿಸಲಾಯಿತು.

ಅಧ್ಯಯನವನ್ನು ದೂರಿ ಪ್ರಯೋಜನವಿಲ್ಲ. ಹೃದ್ರೋಗದ ಪ್ರಯೋಗಗಳೆಂದರೆ ಗಂಡಸರ ಪ್ರಯೋಗಗಳು ಎನ್ನುವಂತಿದ್ದ ಕಾಲದಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೊದಲ ಮಹಿಳಾ ಮುಖ್ಯಸ್ಥೆ ಬರ್ನಡೀನ್ ಹೀಲಿ 1991ರಲ್ಲಿ ಹಟ ಹಿಡಿದು ಆರಂಭಿಸಿದ ಕೆಲಸವದು. ತಪ್ಪಾದದ್ದು ಅದನ್ನು ಓದಿಕೊಂಡ ರೀತಿಯಲ್ಲಿ.

ರಕ್ತನಾಳ ಇನ್ನೂ ಮೆದುವಾಗಿರುವಾಗ ಈಸ್ಟ್ರೋಜನ್ ಅದನ್ನು ಸಡಿಲವಾಗಿಡುತ್ತದೆ, ಒಳಗೋಡೆಗೆ ಕೊಬ್ಬು ಕೂರುವುದನ್ನು ನಿಧಾನಿಸುತ್ತದೆ. ಕೊಬ್ಬು ಆಗಲೇ ಗಟ್ಟಿಯಾಗಿ ಕೂತ ನಾಳಕ್ಕೆ ಅದೇ ಹಾರ್ಮೋನು ತಡವಾಗಿ ಹೋದರೆ ಉಪಕಾರವಿಲ್ಲ. ಬಾಯಿಂದ ನುಂಗಿದ್ದು ಯಕೃತ್ತಿನ ಮೂಲಕ ಹಾಯುವುದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. 2016ರಲ್ಲಿ ಪ್ರಕಟವಾದ ‘ಎಲೀಟ್’ ಪ್ರಯೋಗದಲ್ಲಿ 643 ಮಹಿಳೆಯರ ಕತ್ತಿನ ರಕ್ತನಾಳದ ದಪ್ಪ ಅಳೆದರು. ಮುಟ್ಟು ನಿಂತ ಆರು ವರ್ಷದೊಳಗೆ ಹಾರ್ಮೋನ್ ಆರಂಭಿಸಿದವರಲ್ಲಿ ನಾಳ ದಪ್ಪವಾಗುವುದು ನಿಧಾನವಾಯಿತು. ಹತ್ತು ವರ್ಷ ದಾಟಿದವರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಹಾಗೆಂದು ಕುಣಿಯಬೇಕಾಗಿಲ್ಲ. ನಾಳದ ದಪ್ಪ ಬೇರೆ, ಹೃದಯಾಘಾತ ಬೇರೆ.

ಈಗ ಗಾಳಿ ಅತ್ತ ತಿರುಗಿದೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಪೊಟ್ಟಣದ ಮೇಲಿನ ಹೃದ್ರೋಗ, ಸ್ತನ ಕ್ಯಾನ್ಸರ್ ಎಚ್ಚರಿಕೆಯ ಚೌಕಟ್ಟನ್ನು ತೆಗೆಯಲು ನಿರ್ಧರಿಸಿತು. ಅತಿಯಾದ ಭಯ ಹೋಗಲೇಬೇಕಿತ್ತು, ಸರಿ. ಆದರೆ ಆರೋಗ್ಯವಾಗಿರುವ ಹೆಂಗಸರಿಗೆಲ್ಲ ಹೃದಯದ ಹೆಸರಿನಲ್ಲಿ ಹಾರ್ಮೋನ್ ಮಾರಲು ಹೊರಟರೆ ಮತ್ತೆ 2002ಕ್ಕೆ ಮುಂಚಿನ ಕಾಲಕ್ಕೇ ಹೋದಂತೆ. ಈಗಾಗಲೇ ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಈ ಮಾತ್ರೆ ಸಾಮಾನ್ಯವಾಗಿ ಸಲ್ಲದು.

ಈ ಗದ್ದಲದಲ್ಲಿ ಯಾರ ಬಾಯಲ್ಲೂ ಬಾರದ ಹೆಂಗಸರು ಕರ್ನಾಟಕದಲ್ಲಿದ್ದಾರೆ. ಹತ್ತು ವರ್ಷಗಳ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ದೂರುಗಳ ಮೇಲೆ ದೂರು ಬಂದವು. ಬಿಳಿಸೆರಗು, ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಹೆಣ್ಣುಮಕ್ಕಳನ್ನು ಕ್ಯಾನ್ಸರ್ ಎಂದು ಹೆದರಿಸಿ ಗರ್ಭಚೀಲವನ್ನೇ ತೆಗೆದಿದ್ದಾರೆ ಎಂದು. ಅವರಲ್ಲಿ ಮೂವತ್ತು ತುಂಬದವರೂ ಇದ್ದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ನೂರು ಮಹಿಳೆಯರಲ್ಲಿ ಸುಮಾರು ಮೂವರಿಗೆ ಗರ್ಭಕೋಶ ಇಲ್ಲ. ಮೂರರಲ್ಲಿ ಎರಡು ಪಾಲು ಶಸ್ತ್ರಚಿಕಿತ್ಸೆಗಳು ನಡೆದಿರುವುದು ಖಾಸಗಿ ಆಸ್ಪತ್ರೆಗಳಲ್ಲಿ.

ಗರ್ಭಕೋಶದ ಜೊತೆ ಎರಡೂ ಅಂಡಾಶಯ ಹೋದರೆ ಈಸ್ಟ್ರೋಜನ್ ಒಂದೇ ದಿನಕ್ಕೆ ಬಂದ್. ಅಂಡಾಶಯ ಉಳಿಸಿದರೂ ಋತುಬಂಧ ಬೇಗ ಬರುವ ಸಂಭವ ಹೆಚ್ಚು. ನಲವತ್ತೈದಕ್ಕೆ ಮುಂಚೆ ಹೀಗಾದವರಿಗೆ ಹೃದ್ರೋಗದ ಅಪಾಯವೂ ಮೂಳೆ ಸವೆತವೂ ಹೆಚ್ಚೆಂಬುದರಲ್ಲಿ ವೈದ್ಯರಿಗೆ ಅನುಮಾನವಿಲ್ಲ. ಬೇರೆ ಅಡ್ಡಿಯಿಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಇವರಿಗೆ ಹಾರ್ಮೋನ್ ಕೊಡಬೇಕೆಂದೇ ಮಾರ್ಗಸೂಚಿಗಳು ಹೇಳುತ್ತವೆ. ಗರ್ಭಕೋಶ ಇಲ್ಲದ್ದರಿಂದ ಪ್ರೊಜೆಸ್ಟಿನ್ ಸಾಮಾನ್ಯವಾಗಿ ಬೇಕಿಲ್ಲ, ಈಸ್ಟ್ರೋಜನ್ ಒಂದೇ ಸಾಕು. ಅದೇ ಅಮೆರಿಕದ ಅಧ್ಯಯನದಲ್ಲಿ ಈಸ್ಟ್ರೋಜನ್ ಒಂದನ್ನೇ ಪಡೆದ ಮಹಿಳೆಯರಲ್ಲಿ ಪಾರ್ಶ್ವವಾಯು ಹೆಚ್ಚಿತ್ತಾದರೂ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ.

ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೋಗುವ ಮೂವತ್ತೈದರ ಕೂಲಿ ಹೆಂಗಸಿಗೆ ಇದನ್ನು ಹೇಳುವವರು ಯಾರು? ಅವಳ ಕೈಗಿಡುವ ಚೀಟಿಯಲ್ಲಿ ಅಂಡಾಶಯ ಉಳಿಸಿದ್ದೇವೋ ತೆಗೆದಿದ್ದೇವೋ ಎಂಬುದೂ ಎಷ್ಟೋ ಸಲ ಅವಳಿಗೆ ತಿಳಿಯುವಂತೆ ಇರುವುದಿಲ್ಲ. ಐದು ವರ್ಷದ ಮೇಲೆ ಎದೆ ಹಿಡಿದುಕೊಂಡು ಬಂದರೆ ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸುವುದು ಸುಲಭ. ಜೊತೆಗೆ ಬಾಯಲ್ಲಿ ಕಡ್ಡಿಪುಡಿ, ನೋಡಿಸದೇ ಉಳಿದ ಬಿ.ಪಿ.

ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಆಗಿಹೋದ ಶಸ್ತ್ರಚಿಕಿತ್ಸೆಗಳ ಹೊಣೆಯನ್ನೂ ರಾಜ್ಯದ ಆರೋಗ್ಯ ಇಲಾಖೆ ಹೊರಬೇಕು. ಡಿಸ್‌ಚಾರ್ಜ್ ಚೀಟಿಯಲ್ಲಿ ತೆಗೆದ ಅಂಗಗಳ ಹೆಸರು ಕನ್ನಡದಲ್ಲಿ ಇರಲಿ. ನಲವತ್ತೈದರೊಳಗೆ ಗರ್ಭಕೋಶ ಕಳೆದುಕೊಂಡವರ ಪಟ್ಟಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಲಿ, ವರ್ಷಕ್ಕೊಮ್ಮೆ ಅವರ ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ನೋಡಿ, ಹಾರ್ಮೋನ್ ಬೇಕೇ ಬೇಡವೇ ಎಂದು ಸ್ತ್ರೀರೋಗ ತಜ್ಞರಿಂದ ಹೇಳಿಸಲಿ. ಮನೆಯಲ್ಲಿ ಅಂಥವರಿದ್ದರೆ ಇಲಾಖೆಗೆ ಕಾಯಬೇಡಿ. ಹಳೆಯ ಚೀಟಿ ಹುಡುಕಿ ತೆಗೆದುಕೊಂಡು ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ.