ಖಾನಾಪುರದ ಗಡಿಗೆ ಮನಸ್ಸಿನೊಳಗಿಲ್ಲ

ಬೆಳಗಾವಿಯ ತತ್ವಶಾಸ್ತ್ರದ ಸಭೆಗಳಲ್ಲಿ ನಾನು ಎಷ್ಟೋ ಸಲ ಕೇಳಿದ ಮಾತಿದು: ‘ಪಶ್ಚಿಮದವರ ಆದರ್ಶವಾದವನ್ನು ನಮ್ಮ ಉಪನಿಷತ್ತುಗಳು ಎಂದೋ ಹೇಳಿಬಿಟ್ಟಿವೆ.’ ಕೂಡಲೇ ಚಪ್ಪಾಳೆ. ನನ್ನ ತಕರಾರು ಆ ಚಪ್ಪಾಳೆಯ ಮೇಲೆ.

ಮೊದಲನೆಯದು ಪದದ ತಕರಾರು. ಆದರ್ಶವಾದಿ ಎಂದರೆ ನಮ್ಮ ಕಿವಿಗೆ ಲಂಚ ಮುಟ್ಟದ ಮೇಷ್ಟ್ರು. 1710ರಲ್ಲಿ ಬರ್ಕ್ಲಿ ವಾದಿಸಿದ್ದೇ ಬೇರೆ: ಮನಸ್ಸಿನ ಹೊರಗೆ ಜಡವಸ್ತು ಎಂಬುದಿಲ್ಲ, ಇರುವುದೆಲ್ಲ ಮನಸ್ಸು ಮತ್ತು ಅದರ ಗ್ರಹಿಕೆಗಳು. ಇದಕ್ಕೆ ಕನ್ನಡದಲ್ಲಿ ಭಾವವಾದ ಎಂಬ ಪದ ಇದ್ದೇ ಇದೆ. ಅದನ್ನೇ ಬಳಸೋಣ.

ಎರಡನೆಯ ತಕರಾರು ದೊಡ್ಡದು. ಸಭೆಯಲ್ಲಿ ಸಾಕ್ಷಿಗೆ ಕರೆಯುವುದು ಛಾಂದೋಗ್ಯದ ಆರನೆಯ ಅಧ್ಯಾಯವನ್ನು. ಮಣ್ಣನ್ನು ತಿಳಿದರೆ ಮಣ್ಣಿನದೆಲ್ಲವನ್ನೂ ತಿಳಿದಂತೆ ಎಂದು ಉದ್ದಾಲಕ ಮಗನಿಗೆ ಹೇಳುವ ಭಾಗ ಅದು. ಹಾಗೆನ್ನುವವರು ಒಮ್ಮೆ ಕುಂಬಾರಿಕೆಗೆ ಹೆಸರಾದ ಖಾನಾಪುರಕ್ಕೆ ಹೋಗಿ ತಿಗರಿಯ ಮುಂದೆ ಕೂರಬೇಕು. ಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳು ಉಳಿದರೆ ಸುಟ್ಟ ಗಡಿಗೆ ಬಿರಿಯುತ್ತದೆ, ಕುಂಬಾರ ಏನೇ ಅಂದುಕೊಂಡಿರಲಿ. ಉದ್ದಾಲಕ ಗಡಿಗೆ ಮನಸ್ಸಿನಲ್ಲಿದೆ ಎನ್ನಲಿಲ್ಲ, ಗಡಿಗೆ ಮಣ್ಣೇ ಎಂದ. ಅದು ಕಾರಣ ಮತ್ತು ಕಾರ್ಯದ ವಿಚಾರ. ನೋಡುವವನಿಗೂ ನೋಟಕ್ಕೂ ಇರುವ ಸಂಬಂಧದ ಪ್ರಶ್ನೆ ಅಲ್ಲಿಲ್ಲ.

‘ಶಂಕರರು ಜಗತ್ತನ್ನು ಮಿಥ್ಯೆ ಎನ್ನಲಿಲ್ಲವೇ?’ ಎಂದು ಕೇಳಬಹುದು. ಎಂದರು, ಆದರೆ ಬ್ರಹ್ಮಜ್ಞಾನದ ನೆಲೆಯಿಂದ. ಹೊರಗಿನ ವಸ್ತುಗಳೇ ಇಲ್ಲವೆಂಬ ಬೌದ್ಧ ವಿಜ್ಞಾನವಾದವನ್ನು ಅವರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ನೇರವಾಗಿ ಖಂಡಿಸಿದ್ದಾರೆ. ಕಣ್ಣಿಗೆ ಕಾಣುವ ಕಂಬ, ಗೋಡೆಗಳನ್ನು ಇಲ್ಲವೆನ್ನಲಾಗದು ಎಂಬುದು ಅವರ ವಾದ. ಅತ್ತ ಕಾಂಟ್ ಕೂಡ ತನ್ನನ್ನು ಬರ್ಕ್ಲಿಯ ಸಾಲಿಗೆ ಸೇರಿಸಿದ್ದಕ್ಕೆ ಸಿಟ್ಟಾಗಿ, 1787ರ ಎರಡನೆಯ ಆವೃತ್ತಿಯಲ್ಲಿ ಭಾವವಾದದ ಖಂಡನೆಯನ್ನೇ ಹೊಸದಾಗಿ ಸೇರಿಸಿದ. ಇಬ್ಬರೂ ಬೇಡವೆಂದ ಹಣೆಪಟ್ಟಿಯನ್ನು ನಾವು ಇಬ್ಬರಿಗೂ ಅಂಟಿಸುತ್ತಿದ್ದೇವೆ.

ಹೋಲಿಕೆಯೇ ಬೇಡವೆಂದಲ್ಲ. ಬೆಳಗಾವಿಯಲ್ಲಿ ಯಾರ ಹೆಸರಿನ ಮಂದಿರವಿದೆಯೋ ಆ ಗುರುದೇವ ರಾನಡೆ 1926ರ ತಮ್ಮ ಉಪನಿಷತ್ ಸಮೀಕ್ಷೆಯಲ್ಲಿ ಪಶ್ಚಿಮದ ಜೊತೆ ಧಾರಾಳವಾಗಿ ಹೋಲಿಸಿದರು. ಆದರೆ ಉಪನಿಷತ್ತುಗಳಿಗೆ ಒಂದೇ ವಾದವನ್ನು ಕಟ್ಟಲಿಲ್ಲ. ಸಾಂಖ್ಯ, ಬೌದ್ಧ, ಅದ್ವೈತ ಹೀಗೆ ಪರಸ್ಪರ ಜಗಳವಾಡುವ ದರ್ಶನಗಳ ಬೇರುಗಳನ್ನೂ ಅಲ್ಲಿ ತೋರಿಸಿದರು.

‘ನಮ್ಮವರೂ ಹೇಳಿದ್ದರು’ ಎಂದ ಕೂಡಲೇ ವಿದ್ಯಾರ್ಥಿ ಬರ್ಕ್ಲಿಯನ್ನೂ ಓದುವುದಿಲ್ಲ, ಶಂಕರರನ್ನೂ ಓದುವುದಿಲ್ಲ. ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ನಷ್ಟ ಅವನದು.