ರಕ್ತದ ಹನಿಯೇನು ಜಾತಕವೇ?

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಹೋಗಿ ಒಂದು ಚೀಲ ಕಡಲೆಕಾಯಿ ತರುವುದು ನಮ್ಮ ಮನೆಯ ಹಳೆಯ ಪದ್ಧತಿ. ಹೋದ ವರ್ಷ ಚೀಲ ಹಿಡಿದು ಬಂದವನನ್ನು ಸೊಸೆ ಹೊಸ್ತಿಲಲ್ಲೇ ತಡೆದಳು. “ಮಾವ, ಅದು ಒಳಗೆ ಬೇಡ. ಪಾಪುಗೆ ಆಗಲ್ಲ ಅಂತ ರಿಪೋರ್ಟ್ ಬಂದಿದೆ.”

ಪಾಪುಗೆ ಆಗ ಏಳು ತಿಂಗಳು. ಕೆನ್ನೆ, ಮೊಣಕೈಗಳ ಮೇಲೆ ಕೆಂಪು ಇಸುಬು. ರಾತ್ರಿಯೆಲ್ಲ ಕೆರೆದುಕೊಂಡು ಅಳುತ್ತಿದ್ದ. ಯಾರೋ ಹೇಳಿದರೆಂದು ಮಗ ರಕ್ತಪರೀಕ್ಷೆ ಮಾಡಿಸಿದ್ದ. ಹಾಲು, ಗೋಧಿ, ಮೊಟ್ಟೆ, ಕಡಲೆಕಾಯಿ, ನಾಲ್ಕರ ಮುಂದೆಯೂ ‘ಪಾಸಿಟಿವ್’ ಎಂದಿತ್ತು. ಅಂದಿನಿಂದ ಮಗುವಿನ ಬಟ್ಟಲಲ್ಲಿ ನಾಲ್ಕೂ ಇಲ್ಲ. ಎದೆಹಾಲು ಕುಡಿಸುವ ಸೊಸೆಯೂ ಹಾಲು, ಮೊಸರು, ಚಪಾತಿ ಬಿಟ್ಟು ಬರೀ ಅನ್ನ ಸಾರಿನಲ್ಲಿ ದಿನ ತಳ್ಳಿದಳು. ಎರಡು ತಿಂಗಳಾದರೂ ಇಸುಬು ಹೋಗಲಿಲ್ಲ. ಮಗುವಿನ ತೂಕ ಮಾತ್ರ ಏರದೆ ನಿಂತಿತು.

ಆರನೇ ತರಗತಿಯ ಮೊಮ್ಮಗಳು ಒಂದು ಸಂಜೆ ಕೇಳಿದಳು: “ತಾತ, ಮುಂದೆ ಏನಾಗುತ್ತೆ ಅಂತ ರಕ್ತಕ್ಕೆ ಹೇಗೆ ಗೊತ್ತು? ಅದೇನು ಜಾತಕನಾ?”

ವರ್ಷಾನುಗಟ್ಟಲೆ ವಿಜ್ಞಾನ ಪಾಠ ಮಾಡಿದ ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಓದಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಹೊರಟರೆ “ಮಳೆ ಬರುತ್ತೆ, ಬಟ್ಟೆ ತೆಗೀರಿ” ಎನ್ನುತ್ತಿದ್ದರು ನಮ್ಮಜ್ಜಿ. ಎಷ್ಟೋ ಸಲ ಮಳೆ ಬರುತ್ತಿತ್ತು, ಕೆಲವು ಸಲ ಇಲ್ಲ. ಹಾಗೆಯೇ ಕಾಯಿಲೆಯ ಸುಳಿವು ಕೊಡುವ, ಅಳೆಯಬಹುದಾದ ಗುರುತುಗಳು ನಮ್ಮ ಮೈಯಲ್ಲಿವೆ. ಅವನ್ನು ಜೈವಿಕ ಸೂಚಕಗಳು ಎನ್ನುತ್ತಾರೆ.

ಅಲರ್ಜಿಯ ಸೂಚಕ ಸಿಕ್ಕ ಕಥೆ ಸ್ವಾರಸ್ಯವಾಗಿದೆ. 1921ರಲ್ಲಿ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ ಕ್ಯುಸ್ಟ್ನರ್ ಎಂಬ ವೈದ್ಯರಿದ್ದರು. ಮೀನು ತಿಂದರೆ ಅವರಿಗೆ ಆಗುತ್ತಿರಲಿಲ್ಲ. ಅವರ ಜೊತೆಗಾರ ಪ್ರೌಸ್ನಿಟ್ಜ್‌ಗೆ ಮೀನಿನಿಂದ ಏನೂ ತೊಂದರೆಯಿಲ್ಲ. ಪ್ರೌಸ್ನಿಟ್ಜ್ ಗೆಳೆಯನ ರಕ್ತದ ತಿಳಿಯನ್ನು ತಮ್ಮ ಚರ್ಮದೊಳಗೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ದದ್ದು ಎದ್ದಿತು! ಅಂದರೆ ಅಲರ್ಜಿ ತರುವ ಏನೋ ಒಂದು ರಕ್ತದಲ್ಲಿದೆ ಎಂದಾಯಿತು. ಅದೇನೆಂದು ತಿಳಿಯಲು ಮತ್ತೆ ನಾಲ್ಕೂವರೆ ದಶಕ ಬೇಕಾಯಿತು. ಅಮೆರಿಕದ ಡೆನ್ವರ್‌ನಲ್ಲಿ ಜಪಾನಿನ ಇಶಿಝಾಕಾ ದಂಪತಿ, ಸ್ವೀಡನ್ನಿನಲ್ಲಿ ಜೊಹಾನ್ಸನ್ ಮತ್ತು ಬೆನ್ನಿಕ್ ಬೇರೆಬೇರೆಯಾಗಿ ಅದನ್ನು ಕಂಡುಹಿಡಿದರು. 1968ರಲ್ಲಿ ಅದಕ್ಕೆ ‘ಐಜಿಇ’ ಎಂದು ಹೆಸರಾಯಿತು.

ಐಜಿಇ ನಮ್ಮ ಮೈಯ ಕಾವಲು ನಾಯಿ ಇದ್ದಂತೆ. ಅಲರ್ಜಿ ಇರುವವರಲ್ಲಿ ಅದು ಕಳ್ಳನನ್ನು ಬಿಟ್ಟು ಹಾಲಿನವನ ಮೇಲೆ ಎಗರುತ್ತದೆ. ಆ ಗಲಾಟೆಗೆ ಚರ್ಮದ ಕೆಲವು ಕಣಗಳಿಂದ ಹಿಸ್ಟಮಿನ್ ಎಂಬ ವಸ್ತು ಹೊರಚೆಲ್ಲಿ ತುರಿಕೆ, ಊತ, ದದ್ದು ಏಳುತ್ತವೆ. ರಕ್ತಪರೀಕ್ಷೆ ಹೇಳುವುದು ಇಷ್ಟೇ: ಕಡಲೆಕಾಯಿಯ ವಾಸನೆ ಗುರುತಿಸುವ ನಾಯಿಯೊಂದು ಈ ಮನೆಯಲ್ಲಿದೆ. ಅದು ಕಚ್ಚುತ್ತದೆಯೋ ಸುಮ್ಮನೆ ಮಲಗಿರುತ್ತದೆಯೋ ಎಂಬುದನ್ನು ಕಾಗದ ಹೇಳುವುದಿಲ್ಲ. ಐಜಿಇ ಹೆಚ್ಚಿದ್ದಷ್ಟೂ ಕಚ್ಚುವ ಸಂಭವ ಹೆಚ್ಚು, ನಿಜ. ಆದರೆ ‘ಪಾಸಿಟಿವ್’ ಬಂದರೂ ಆ ತಿನಿಸನ್ನು ಆರಾಮವಾಗಿ ತಿನ್ನುವ ಮಕ್ಕಳು ಎಷ್ಟೋ ಇದ್ದಾರೆ.

ಹುಟ್ಟಿದ ದಿನವೇ ಹೊಕ್ಕುಳಬಳ್ಳಿಯ ರಕ್ತದಲ್ಲಿ ಐಜಿಇ ಅಳೆದರೆ ಭವಿಷ್ಯ ತಿಳಿದೀತು ಎಂದು ಒಂದು ಕಾಲದಲ್ಲಿ ದೊಡ್ಡ ಆಸೆಯಿತ್ತು. ಅದು ಫಲಿಸಲಿಲ್ಲ. ಮುಂದೆ ಅಲರ್ಜಿ ಬಂದ ಅನೇಕ ಮಕ್ಕಳಲ್ಲಿ ಆ ದಿನ ಐಜಿಇ ಕಡಿಮೆಯೇ ಇತ್ತು.

ಇನ್ನೊಂದು ಸುಳಿವು ಚರ್ಮದಲ್ಲಿದೆ. ಚರ್ಮವನ್ನು ಬಿಗಿಯಾಗಿಡುವ ಫಿಲಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದರೆ ಇಸುಬಿನ ಸಂಭವ ಹೆಚ್ಚು ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ವಿಜ್ಞಾನಿಗಳು ತೋರಿಸಿದರು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹುಟ್ಟಿದ ಎರಡನೇ ದಿನವೇ ಮಕ್ಕಳ ಚರ್ಮದಿಂದ ಎಷ್ಟು ನೀರು ಆವಿಯಾಗುತ್ತದೆ ಎಂದು ಅಳೆದರು. ಹೆಚ್ಚು ನೀರು ಕಳೆದುಕೊಳ್ಳುತ್ತಿದ್ದ ಮಕ್ಕಳಿಗೆ ವರ್ಷ ತುಂಬುವಾಗ ಇಸುಬು ಹೆಚ್ಚಾಗಿ ಕಂಡಿತು. ಗೋಡೆ ಬಿರುಕು ಬಿಟ್ಟರೆ ಒಳಗಿನ ತಂಪು ಹೊರಹೋಗುತ್ತದೆ, ಹೊರಗಿನ ಧೂಳು ಒಳಬರುತ್ತದೆ. ಬಿರುಕಿನ ಮೂಲಕ ಒಳಬಂದ ಆಹಾರದ ಕಣವನ್ನು ಮೈ ಶತ್ರುವೆಂದು ತಿಳಿಯಬಹುದು, ಬಾಯಿಯ ಮೂಲಕ ಬಂದರೆ ನೆಂಟನೆಂದು ಒಪ್ಪಿಕೊಳ್ಳುತ್ತದೆ ಎಂಬುದು ವಿಜ್ಞಾನಿಗಳ ವಿಚಾರ. ಅಜ್ಜಿಯರೇ, ಇಸುಬೆದ್ದ ಚರ್ಮಕ್ಕೆ ಕಡಲೆಹಿಟ್ಟು ತಿಕ್ಕುವ ಮೊದಲು ಇದು ನೆನಪಿರಲಿ.

ಈ ವಿಚಾರಕ್ಕೆ ಬಲ ಕೊಟ್ಟದ್ದು ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳನ್ನು ಆರಿಸಿದರು. ಚರ್ಮ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಕಡಲೆಕಾಯಿಗೆ ಆಗಲೇ ದೊಡ್ಡ ಗುಳ್ಳೆ ಎದ್ದವರನ್ನು ಸೇರಿಸಿಕೊಳ್ಳಲಿಲ್ಲ. ಅರ್ಧದಷ್ಟು ಮಕ್ಕಳಿಗೆ ಕಡಲೆಕಾಯಿ ಪೂರ್ತಿ ನಿಷೇಧ, ಉಳಿದವರಿಗೆ ವಾರವಾರವೂ ಕಡಲೆಕಾಯಿಯ ತಿನಿಸು. ಐದು ವರ್ಷವಾದಾಗ, ಬಿಟ್ಟವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಬಂದಿತ್ತು. ತಿಂದವರಲ್ಲಿ ಸುಮಾರು 3 ಮಾತ್ರ. ಹೆದರಿ ದೂರವಿಟ್ಟದ್ದೇ ಅಪಾಯವನ್ನು ಹತ್ತಿರ ತಂದಿತ್ತು!

ನಮ್ಮ ಪಾಪುವನ್ನು ಕೊನೆಗೆ ಮಕ್ಕಳ ಅಲರ್ಜಿ ತಜ್ಞೆಯೊಬ್ಬರಿಗೆ ತೋರಿಸಿದೆವು. ಅವರು ಕಾಗದ ಬದಿಗಿಟ್ಟು ಮೊದಲು ಸೊಸೆಯನ್ನು ಕೇಳಿದರು: “ಇವನ್ನು ತಿಂದಾಗ ಮಗುವಿಗೆ ಏನಾಯಿತಮ್ಮಾ?” ಮೊಟ್ಟೆ ತಿನ್ನಿಸಿದ ದಿನ ತುಟಿಯ ಸುತ್ತ ದದ್ದು ಎದ್ದಿತ್ತು. ಗೋಧಿಯ ಸರಿ ಎರಡು ವಾರ ತಿಂದಿದ್ದ, ಏನೂ ಆಗಿರಲಿಲ್ಲ. ಚರ್ಮದ ಪರೀಕ್ಷೆಯಾಯಿತು. ಆಮೇಲೆ ಆಸ್ಪತ್ರೆಯಲ್ಲೇ, ಅವರ ಕಣ್ಣೆದುರೇ, ಒಂದೊಂದು ದಿನ ಒಂದೊಂದು ತಿನಿಸನ್ನು ಚೂರುಚೂರಾಗಿ ಕೊಟ್ಟರು. ಹಾಲು, ಗೋಧಿ, ಕಡಲೆಕಾಯಿ ಮೂರೂ ದಕ್ಕಿದವು. ಮೊಟ್ಟೆ ಮಾತ್ರ ಸದ್ಯಕ್ಕೆ ಬೇಡವೆಂದರು. ಬೆಳೆಯುತ್ತಾ ಅದೂ ಒಗ್ಗುವುದುಂಟಂತೆ. ನಾಲ್ಕು ಸುಳಿವಿನಲ್ಲಿ ಒಂದು ನಿಜವಾಗಿತ್ತು.

ಇದನ್ನು ಓದಿ ಯಾರೂ ಮನೆಯಲ್ಲೇ ಪರೀಕ್ಷೆಗೆ ಇಳಿಯಬೇಡಿ. ಮಗುವಿಗೆ ತೀವ್ರ ಇಸುಬಿದ್ದರೆ, ಹಿಂದೆ ದದ್ದು ಎದ್ದಿದ್ದರೆ ವೈದ್ಯರನ್ನು ಕೇಳಿಯೇ ಕೊಡಬೇಕು. ಇಡೀ ಕಡಲೆಬೀಜ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ನುಣ್ಣಗೆ ಅರೆದೇ ಕೊಡಬೇಕು. ತುಟಿ, ನಾಲಿಗೆ ಊದಿದರೆ, ಉಸಿರಾಟ ಕಷ್ಟವಾದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಬೇಕು. ಮಕ್ಕಳೇ, ತರಗತಿಯಲ್ಲಿ ಗೆಳೆಯರು “ನನಗೆ ಅದು ಆಗಲ್ಲ” ಎಂದರೆ ಹಠ ಮಾಡಿ ತಿನ್ನಿಸಬೇಡಿ.

ಈ ವರ್ಷ ಪರಿಷೆಯ ಚೀಲವನ್ನು ಸೊಸೆಯೇ ಕೈಯಿಂದ ಇಳಿಸಿಕೊಂಡಳು. ನನ್ನಾಕೆ ಬೀಜ ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆದು ಪಾಪುವಿನ ಸರಿಗೆ ಒಂದು ಚಮಚ ಬೆರೆಸಿದಳು. ಬಟ್ಟಲು ಖಾಲಿಯಾಯಿತು. ಮೊಮ್ಮಗಳು ಹೇಳಿದಳು: “ತಾತ, ಜಾತಕಕ್ಕಿಂತ ಬಟ್ಟಲು ನೋಡೋದೇ ವಾಸಿ.”

“ಡಾಕ್ಟರ್ ಪಕ್ಕದಲ್ಲಿ ಕೂತು ನೋಡಿದ್ರೆ ಮಾತ್ರ” ಎಂದೆ.